ಅರ್ಧ ರೇಟಿನ ಗುಡ್ಡ

ಗುಡ್ಡದ ಬದಿಯ ಸೈಟು, ಅರ್ಧ ರೇಟು.
ಕೊಂಡ ಮೇಲೆ ಗೊತ್ತಾಯಿತು
ಉಳಿದರ್ಧವನ್ನು ಕಂತು ಕಂತಾಗಿ
ಮಳೆ ವಸೂಲಿ ಮಾಡುತ್ತದೆಂದು.

ಸಂಡೂರಿನ ಮಣ್ಣು, ಕುಂಕುಮಕ್ಕಿಂತ ಒಂದು ಕೈ ಮೇಲು.
ಹಿತ್ತಲ ಬಾಗಿಲು ತೆಗೆದು
ಕಾಲಿಡುವ ಮೊದಲೇ ಕಾಲು ಜಾರುತ್ತಿತ್ತು.
ಈರುಳ್ಳಿ ಉರುಳಿತು, ಮಗಳ ಚೆಂಡು ಉರುಳಿತು,
ತೊಳೆದಿಟ್ಟ ಹಿತ್ತಾಳೆ ಕೊಡ
ಓಣಿಗೆಲ್ಲ ಡಂಗುರ ಸಾರುತ್ತ ಇಳಿದು
ಕೆಳಮನೆ ಮಾಬುನ್ನಿಯ ಗೋಡೆಗೆ ತಲೆ ಚಚ್ಚಿಕೊಂಡಿತು.
ಆಷಾಢ ಕಳೆದ ಮೇಲೆ ಮಣ್ಣೇ ಹೊರಟಿತು,
ಅವಳ ಮೋರಿ ತುಂಬಿ, ಅಂಗಳ ತುಂಬಿ
ನಾರಿಹಳ್ಳದ ದಾರಿ ಹಿಡಿಯಿತು.

ಗಣಿಯಲ್ಲಿ ಪೋಕ್ಲೇನ್ ಓಡಿಸುವ ಪಂಪಣ್ಣ, ನನ್ನ ಗಂಡ,
ಉಂಡ ಕೈ ಒಣಗಿಸುತ್ತ ಅಂದ:
"ಒಂದು ಭಾನುವಾರ ಮಷೀನು ತರ್ತೀನಿ,
ಸಪಾಟ್ ಮಾಡಿ ಬಿಸಾಕ್ತೀನಿ."
ಗುಡ್ಡಗಳನ್ನೇ ಲಾರಿಗೇರಿಸಿದವನಿಗೆ
ಈ ಮೂವತ್ತು ಅಡಿ ಯಾವ ಲೆಕ್ಕ?
ಸಪಾಟಾದರೆ ಬೆನ್ನಿಗೊಂದು ಹನ್ನೆರಡಡಿ ದರಿ ನಿಲ್ಲುತ್ತದಲ್ಲ,
ಅದರ ಕೆಳಗೆ ಮಲಗುವವರು ಯಾರು, ಎಂದೆ.
ಅವನು ಹಲ್ಲುಕಡ್ಡಿ ಹುಡುಕಿದ.

ದುರುಗಮ್ಮನನ್ನು ಕರೆಸಿದೆ,
ಕೈಗೆರೆಗಳಲ್ಲಿ ಕಲ್ಲಿನ ಹಿಟ್ಟು ಕುಂತ ಮುದುಕಿ.
ಬಂದವಳು ಹಾರೆ ಮುಟ್ಟಲಿಲ್ಲ.
ಎಲೆಅಡಿಕೆ ಹಾಕಿ ಹೊಸ್ತಿಲ ಮೇಲೆ ಕುಂತು
"ಒಂದ್ ಮಳಿ ಬರ್ಲಿ ತಡಿ" ಅಂದಳು.
"ನೀರು ಎತ್ತಾಗ ಹೋಗ್ತೈತೋ ನೋಡ್ದ
ಕಲ್ಲು ಹೆಂಗ ಇಡ್ಲಿ?"
ಹನ್ನೊಂದು ದಿನ ಕಾದೆವು. ಕೂಲಿ ಕೇಳಲಿಲ್ಲ.
ಹನ್ನೆರಡನೆಯ ಸಂಜೆ ಮಳೆ ಹೊಡೆಯಿತು.
ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು
ಕಳ್ಳಬೆಕ್ಕಿನ ಬೆನ್ನು ಹತ್ತಿದ ಹಾಗೆ
ನೀರಿನ ಹಿಂದೆ ಹಿಂದೆ ಇಳಿದಳು,
ಅದು ತಿರುಗಿದಲ್ಲೆಲ್ಲ ಒಂದೊಂದು ಬೇವಿನ ಕಡ್ಡಿ ಚುಚ್ಚುತ್ತ.

ಆ ಕಡ್ಡಿಗಳಗುಂಟ ಎದ್ದವು ಮೂರು ಒಡ್ಡು.
ಸಿಮೆಂಟಿಲ್ಲ. "ಕಲ್ಲಿನ ಮೂಗು ಮುಚ್ಚಬ್ಯಾಡ,
ನೀರು ಉಸುರು ಬಿಡ್ಲಿ."
ಗೋಡೆಯನ್ನು ಗುಡ್ಡದ ಕಡೆ ತುಸು ವಾಲಿಸಿದಳು,
ತವರಿಗೆ ಬಂದವಳು ಅವ್ವನ ಭುಜಕ್ಕೆ ವಾಲುವಷ್ಟು.
ಎರಡನೆಯದು ನಡುವೆ ಬಸುರಿಯಂತೆ ಉಬ್ಬಿದೆ;
ನಾನು ಹಿಡಿದ ದಾರ ಸಡಿಲಿತ್ತಂತೆ. ಬಿಚ್ಚಲಿಲ್ಲ.

ಮಟ್ಟ ನೋಡಲು ಪೈಪಿನಲ್ಲಿ ನೀರು ತುಂಬಿ
ಆ ತುದಿ ಮಗಳು, ಈ ತುದಿ ಪಂಪಣ್ಣ.
ದುರುಗಮ್ಮ ಒಂದು ಕಣ್ಣು ಮುಚ್ಚಿ:
"ಇಳಸು... ಇನ್ನೊಂದ್ ಬೆಳ್ಳು... ಹಾಂ."
ಹದಿನೆಂಟು ವರ್ಷ ಗುಡ್ಡ ಬಗೆದ ಗಂಡಸು
ಒಂದು ಬೆರಳ ನೀರಿಗಾಗಿ
ಉಸಿರು ಹಿಡಿದು ನಿಂತಿದ್ದ.

ಒಡ್ಡು ಎದ್ದವು, ತುಂಬಲು ಮಣ್ಣಿಲ್ಲ.
ಟ್ರ್ಯಾಕ್ಟರಿಗೆ ಇಷ್ಟು, ಹೊರುವವರಿಗೆ ಇಷ್ಟು
ಎಂದು ಲೆಕ್ಕ ಹಾಕುವಾಗ
ಕೆಳಗಿನಿಂದ ಏದುಸಿರು: ಮಾಬುನ್ನಿ, ತಲೆ ಮೇಲೆ ಪುಟ್ಟಿ.
"ತಗಾ, ನಿಮ್ದೇ. ಎರಡು ಮಳಿಗಾಲದ್ದು.
ಎಲ್ಲಿ ಚೆಲ್ಲಲಿ ಅಂತ ಮೂಲ್ಯಾಗ ಗುಡ್ಡಿ ಹಾಕಿದ್ದೆ."
ಮಣ್ಣಿನ ಮೇಲೆ ಮೂರು ಮೆಣಸಿನ ಸಸಿ,
ಮಗಳು ಮರೆತೇಬಿಟ್ಟಿದ್ದ ಚೆಂಡು.
ಒಟ್ಟು ನಲವತ್ತೊಂದು ಪುಟ್ಟಿ. ಎಣಿಸಿದ್ದು ಅವಳೇ.

ಈಗ ಲಾವಂಚ ಬೇರಿಳಿಸಿದೆ, ಮೇಲಂಚಿಗೆ ತಂಗಡಿ ಹೂ,
ಉಬ್ಬಿದ ಗೋಡೆಯ ಸಂದಿಯಲ್ಲಿ
ಯಾರೂ ನೆಡದ ಒಂದು ಸೀತಾಫಲ.
ಏನೂ ಉರುಳುವುದಿಲ್ಲ.
ಜಾರಿದ ಈರುಳ್ಳಿ ಮೊದಲ ಒಡ್ಡಿಗೇ ನಿಂತು
ನನ್ನ ಮುಖ ನೋಡುತ್ತದೆ.
ಕೊಡ ಇಟ್ಟಲ್ಲೇ ಇದೆ.
ಎಂಟು ದಿನವಾಯಿತು ಕೆಳಮನೆಗೆ ಹೋಗಿ.
ಏನು ನೆವ ಹೇಳಲಿ?

ದುರುಗಮ್ಮನಿಗೆ ಮತ್ತೆ ಹೇಳಿಕಳಿಸಿದೆ.
ಕಟ್ಟಿದ್ದನ್ನು ಒಂದು ಬದಿಯಲ್ಲಿ ಬಿಚ್ಚಿ
ಬೈಯುತ್ತ ಬೈಯುತ್ತ ಮೆಟ್ಟಿಲಿಟ್ಟಳು.
ಹದಿನೇಳು. ಒಂದರ ಎತ್ತರ ಇನ್ನೊಂದಕ್ಕಿಲ್ಲ.
ಒಂಬತ್ತನೆಯದು ಅಲುಗುತ್ತದೆ.
ಚಕ್ಕೆ ತುರುಕ್ತೀನಿ ಅಂದಳು, ಬೇಡ ಅಂದೆ.
ಮಧ್ಯಾಹ್ನ ಅದು ಟಕ್ ಎಂದರೆ
ಚಹಾಕ್ಕೆ ಇನ್ನೊಂದು ಲೋಟ ನೀರು ಹಾಕುತ್ತೇನೆ.